ಎಂಟು ಯೂರೊ ಬೋಗಿ ಮತ್ತು 16.5 ಮಿಲಿಮೀಟರ್: ಪುಟ್ಟ ರೈಲುಗಳ ಸಂತೆಗೆ ಹೋಗುವ ಮೊದಲು

ಎಂಟು ಯೂರೊ ಕೊಟ್ಟು ತಂದ ಬೋಗಿಯನ್ನು ಹಳಿಯ ಮೇಲೆ ಇಟ್ಟದ್ದೇ ತಡ, ಅಲ್ಲಿಯವರೆಗೆ ಚೆಂದಕ್ಕೆ ಸುತ್ತು ಹಾಕುತ್ತಿದ್ದ ಇಂಜಿನ್ ನಿಂತುಬಿಟ್ಟಿತು. ಕಂಟ್ರೋಲರ್ ಮೇಲೆ ಕೆಂಪು ದೀಪ. ಬೋಗಿಯನ್ನು ಎತ್ತಿದೆ, ಇಂಜಿನ್ ಹೊರಟಿತು. ಮತ್ತೆ ಇಟ್ಟೆ, ನಿಂತಿತು. ಪಡೀಲಿನ ನಮ್ಮ ಮನೆಯ ಚಾವಡಿಯಲ್ಲಿ ನೆಲದ ಮೇಲೆ ಕೂತು ಐದಾರು ಸಲ ಇದನ್ನೇ ಮಾಡಿದೆ. ಆ ಬೋಗಿಗೆ ಮೋಟಾರಿಲ್ಲ, ವಯರಿಲ್ಲ, ಒಳಗೆ ಒಂದು ಬಲ್ಬು ಕೂಡ ಇಲ್ಲ. ಬರೀ ಪ್ಲಾಸ್ಟಿಕ್ ಡಬ್ಬಿ, ಅಡಿಯಲ್ಲಿ ನಾಲ್ಕು ಜೊತೆ ಚಕ್ರ. ಅದು ಇಂಜಿನನ್ನು ನಿಲ್ಲಿಸುವುದು ಹೇಗೆ?

ಅದನ್ನು ಕೊಂಡದ್ದು ಜರ್ಮನಿಯಲ್ಲಿ. ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನ ಸಭಾಭವನದಲ್ಲಿ ಆದಿತ್ಯವಾರ ಬೆಳಿಗ್ಗೆ ನಡೆದ ಮಾಡೆಲ್ ರೈಲುಗಳ ಸಂತೆಯಲ್ಲಿ. ಅಕ್ಕ, ಭಾವ ಅಲ್ಲಿ ಇರುವ ಕಾರಣ ನನಗೆ ಆ ಯೋಗ ಸಿಕ್ಕಿತು. ನಮ್ಮ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಮಗನೋ ಮಗಳೋ ಅಣ್ಣನೋ ಹೊರದೇಶದಲ್ಲಿರುವುದು ಹೊಸತಲ್ಲ. ಹೆರಿಗೆಗೆ, ಮೊಮ್ಮಗುವನ್ನು ನೋಡಲಿಕ್ಕೆ, ಬೇಸಿಗೆ ರಜೆಗೆ ಅಂತ ಹೋಗುತ್ತೇವೆ. ಹೋದಲ್ಲಿ ಇಂಥ ಸಂತೆ ಕಣ್ಣಿಗೆ ಬಿದ್ದರೆ ರೈಲಿನ ಹುಚ್ಚಿದ್ದವರು ಸುಮ್ಮನೆ ಬರುವುದು ಸಾಧ್ಯವೇ ಇಲ್ಲ. ಹಾಗಾಗಿ ಒಳಗೆ ನಡೆಯುವುದು ಏನು, ಮೇಜಿನ ಮೇಲೆ ಇಟ್ಟದ್ದನ್ನು ಓದುವುದು ಹೇಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ತಿಳಿದುಕೊಂಡು ಹೋಗಬೇಕಿದ್ದ ಸಂಗತಿಗಳಲ್ಲಿ ಅರ್ಧ ಆ ಎಂಟು ಯೂರೊ ಬೋಗಿಯ ಅಡಿಯಲ್ಲೇ ಇತ್ತು. ನಾನು ತಿರುಗಿಸಿ ನೋಡಿರಲಿಲ್ಲ, ಅಷ್ಟೆ.

ಅರ್ಧ ಪ್ರದರ್ಶನ, ಅರ್ಧ ಸಂತೆ

ಮೊದಲಿಗೆ ಒಂದು ಮಾತು. ಇಲ್ಲಿ ಹೇಳುತ್ತಿರುವುದು ಕದ್ರಿ ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವ ರೈಲಿನ ಬಗ್ಗೆ ಅಲ್ಲ. ನಿಜವಾದ ಇಂಜಿನ್, ಬೋಗಿಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಅಂಗೈ ಮೇಲೆ ಇಡುವಷ್ಟು ಸಣ್ಣದು ಮಾಡಿ, ಹಳಿಯಲ್ಲಿ ಕರೆಂಟು ಹರಿಸಿ ಓಡಿಸುವ ಹವ್ಯಾಸ ಇದು. ಯುರೋಪು, ಅಮೆರಿಕ, ಜಪಾನಿನಲ್ಲಿ ಇದಕ್ಕೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಉಂಟು. ಜರ್ಮನಿಯ ಗೊಪ್ಪಿಂಗೆನ್ ಊರಿನ ಮ್ಯಾರ್ಕ್ಲಿನ್ ಕಂಪನಿ 1891ರಲ್ಲೇ ಲೈಪ್‌ಜಿಗ್ ಮೇಳದಲ್ಲಿ ಅಳತೆ ನಿಗದಿ ಮಾಡಿದ ಹಳಿಗಳ ಆಟದ ರೈಲು ತಂದಿಟ್ಟಿತ್ತು. ನಮ್ಮ ಮಂಗಳೂರಿಗೆ ನಿಜವಾದ ರೈಲು ಬಂದದ್ದೇ 1907ರಲ್ಲಿ!

ಮೇಳಗಳಲ್ಲಿ ದೊಡ್ಡದು ಸಣ್ಣದು ಎರಡೂ ಉಂಟು. ಡಾರ್ಟ್‌ಮುಂಡ್‌ನಲ್ಲಿ ವರ್ಷಕ್ಕೊಮ್ಮೆ ವಸಂತಕಾಲದಲ್ಲಿ ನಡೆಯುವ ಇಂಟರ್‌ಮೊಡೆಲ್‌ಬೌ ದೊಡ್ಡ ರಥೋತ್ಸವದ ಹಾಗೆ, ಹಾಲ್‌ನಿಂದ ಹಾಲ್‌ಗೆ ನಡೆದೇ ಕಾಲು ನೋಯುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜನವರಿ ಚಳಿಯಲ್ಲಿ ನಡೆಯುವುದೂ ಅಂಥದ್ದೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ವಾರ್ಲಿ ಕ್ಲಬ್ ನಡೆಸುತ್ತಿದ್ದ ಭಾರಿ ಮೇಳ ಮಾತ್ರ 2023ಕ್ಕೆ ನಿಂತುಹೋಯಿತು. ಆದರೆ ಹೊಸಬರಿಗೆ ನಾನು ಹೇಳುವುದು ಸಣ್ಣ ಸಂತೆಗೆ ಹೋಗಿ ಅಂತಲೇ. ಜರ್ಮನಿಯಲ್ಲಿ ಇದಕ್ಕೆ 'ಬೋರ್ಸೆ' ಅನ್ನುತ್ತಾರೆ. ಊರಿನ ಸಭಾಭವನ, ಕೆಲವು ಯೂರೊ ಪ್ರವೇಶ ದರ, ಸಾಲು ಮೇಜುಗಳು, ಬಾಗಿಲ ಬಳಿ ಕಾಫಿ ಮತ್ತು ಸಾಸೇಜ್. ಇಂಗ್ಲೆಂಡಿನಲ್ಲಾದರೆ ಶಾಲೆಯ ಹಾಲ್, ಕ್ಲಬ್ಬಿನವರು ಮನೆಯಲ್ಲೇ ಮಾಡಿ ತಂದ ಕೇಕು, ದೊಡ್ಡ ಕೆಟಲ್‌ನಲ್ಲಿ ಚಹಾ. ಮಾರುವವನಿಗೂ ಮಾತಾಡಲು ಪುರುಸೊತ್ತಿರುತ್ತದೆ.

ಹಾಲ್‌ನ ಒಂದು ಭಾಗದಲ್ಲಿ ಓಡುವ ರೈಲುಗಳು. ಇವನ್ನು ಲೇಔಟ್ ಅನ್ನುತ್ತಾರೆ. ಬೆಟ್ಟ, ಸುರಂಗ, ನಿಲ್ದಾಣ, ಹಸು ಮೇಯುವ ಗದ್ದೆ ಎಲ್ಲ ಇರುವ ಹಲಗೆಗಳು. ನೋಡುವವರ ಕಣ್ಣಿಗೆ ಕಾಣದ ಹಾಗೆ ಹಿಂದುಗಡೆ ಇನ್ನೊಂದು ಹಲಗೆ ಇರುತ್ತದೆ, ಅಲ್ಲಿ ಎಂಟು ಹತ್ತು ರೈಲುಗಳು ತಮ್ಮ ಸರದಿಗೆ ಕಾಯುತ್ತಾ ನಿಂತಿರುತ್ತವೆ. ಯಕ್ಷಗಾನದ ಚೌಕಿಯ ಹಾಗೆ ಅಂದುಕೊಳ್ಳಿ. ರಂಗಸ್ಥಳದಲ್ಲಿ ಕುಣಿದ ವೇಷ ಒಳಗೆ ಹೋಗಿ ಇನ್ನೊಂದು ಹೊರಗೆ ಬರುತ್ತದೆ. ನನ್ನ ಮಟ್ಟಿಗೆ ಮುಂದಿನ ನೋಟಕ್ಕಿಂತ ಈ ಚೌಕಿಯಲ್ಲೇ ಕಲಿಯುವುದು ಹೆಚ್ಚು. ಓಡಿಸುವವರ ಹತ್ತಿರ ಮೆಲ್ಲಗೆ ಕೇಳಿದರೆ ಹಿಂದೆ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಇನ್ನೊಂದು ಭಾಗದಲ್ಲಿ ಮೇಜುಗಳು. ಅದಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಲೆಕ್ಕ ಗೊತ್ತಿಲ್ಲದೆ ಅಲ್ಲಿಗೆ ಹೋದರೆ ನನ್ನ ಗತಿಯೇ.

ಸ್ಕೇಲ್ ಬೇರೆ, ಗೇಜ್ ಬೇರೆ

ಸ್ಕೇಲ್ ಅಂದರೆ ಎಷ್ಟು ಪಾಲು ಕುಗ್ಗಿಸಿದ್ದು ಎಂಬ ಲೆಕ್ಕ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಗಲ. ಹೊಸಬರು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಎಡವುವುದು ಅಲ್ಲಿಯೇ.

ಲೋಕದಲ್ಲಿ ಅತಿ ಹೆಚ್ಚು ಚಾಲ್ತಿಯಲ್ಲಿರುವ ಸ್ಕೇಲ್ ಎಚ್‌ಒ. ಅಂದರೆ 1:87. ಅದರ ಹಳಿಯ ಅಗಲ 16.5 ಮಿಲಿಮೀಟರ್. ಈ ಸಂಖ್ಯೆ ಎಲ್ಲಿಂದ ಬಂತು? ಯುರೋಪು, ಅಮೆರಿಕದ ನಿಜವಾದ ಹಳಿಯ ಅಗಲ 1435 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿ ನೋಡಿ, 16.5 ಬರುತ್ತದೆ. ಅದಕ್ಕಿಂತ ಸಣ್ಣದು ಎನ್ ಸ್ಕೇಲ್. 1:160, ಹಳಿ 9 ಮಿಲಿಮೀಟರ್. ಅದಕ್ಕಿಂತಲೂ ಸಣ್ಣದು ಮ್ಯಾರ್ಕ್ಲಿನ್ 1972ರಲ್ಲಿ ತಂದ ಝಡ್. 1:220, ಹಳಿ ಆರೂವರೆ ಮಿಲಿಮೀಟರ್, ಇಂಜಿನ್ ಕಿರುಬೆರಳಿನಷ್ಟು. ದೊಡ್ಡದರಲ್ಲಿ 45 ಮಿಲಿಮೀಟರ್ ಹಳಿಯ ಜಿ ಉಂಟು, ಅದು ತೋಟದಲ್ಲಿ ಓಡಿಸುವಂಥದ್ದು. ನಮ್ಮ ಆಷಾಢದ ಮಳೆಗೆ ತೋಟದ ರೈಲು ಅಂದರೆ ನಗು ಬರುತ್ತದೆ, ಅದನ್ನು ಬಿಡುವ.

ಈಗ ನಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸನ್ನು ಕುಗ್ಗಿಸಿ ನೋಡುವ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಹತ್ತಿರ. ಆ ಅಗಲದ ಹಳಿ ಯಾವ ಮೇಜಿನ ಮೇಲೂ ಸಿಕ್ಕುವುದಿಲ್ಲ. ಹಾಗಾಗಿ ಭಾರತದ ರೈಲನ್ನು ಎಚ್‌ಒದಲ್ಲಿ ಮಾಡುವವರು 16.5ರ ಹಳಿಯ ಮೇಲೆಯೇ ಕೂರಿಸುತ್ತಾರೆ. ಆಗ ಏನಾಗುತ್ತದೆ? ನಮ್ಮ ಬೋಗಿಯ ಅಗಲ ಮೂರೂಕಾಲು ಮೀಟರ್ ಹತ್ತಿರ, ಕುಗ್ಗಿಸಿದರೆ 37 ಮಿಲಿಮೀಟರ್. ಯುರೋಪಿನ ಬೋಗಿ ಅದೇ ಸ್ಕೇಲ್‌ನಲ್ಲಿ 32, 33 ಮಿಲಿಮೀಟರ್ ಮಾತ್ರ. ಅಗಲದ ಮೈ, ಸಪೂರ ಕಾಲು. ಎದುರಿನಿಂದ ನೋಡಿದರೆ ಬಣ್ಣದ ವೇಷದವರು ಭುಜಕೀರ್ತಿ, ಕಿರೀಟ ಎಲ್ಲ ಕಟ್ಟಿಕೊಂಡು ಸಣ್ಣ ಕಾಲಿನಲ್ಲಿ ನಿಂತ ಹಾಗೆ ಕಾಣುತ್ತದೆ.

ತಮಾಷೆ ಏನೆಂದರೆ, ಬೆಂಗಳೂರಿನ ನಮ್ಮ ಮೆಟ್ರೊ ಹಳಿ 1435 ಮಿಲಿಮೀಟರ್. ಅದನ್ನು ಕುಗ್ಗಿಸಿದರೆ ಎಚ್‌ಒ ಹಳಿಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂರುತ್ತದೆ. ಇನ್ನೂ ಒಂದು ಉಂಟು. ಮಂಗಳೂರು–ಹಾಸನ ದಾರಿ 1979ರಲ್ಲಿ ಪೂರ್ತಿ ತೆರೆದಾಗ ಮೀಟರ್‌ಗೇಜ್ ಆಗಿತ್ತು. ಆಮೇಲೆ ಅದನ್ನು ಕಿತ್ತು ಬ್ರಾಡ್‌ಗೇಜ್ ಮಾಡಿದರು, ಪ್ರಯಾಣಿಕರ ರೈಲು ಮತ್ತೆ ಘಾಟಿ ಹತ್ತಿದ್ದು 2007ರ ಕೊನೆಗೆ. ಆ ಹಳೆ ಮೀಟರ್‌ಗೇಜನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿಲಿಮೀಟರ್. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳೂ ಮೀಟರ್‌ಗೇಜ್ ಆದ ಕಾರಣ ಅವುಗಳಿಗೆಂದೇ 12 ಮಿಲಿಮೀಟರ್ ಹಳಿ ಸಿದ್ಧವಾಗಿ ಸಿಗುತ್ತದೆ. ಅಂದರೆ ಈಗ ಕಣ್ಣೆದುರು ಇರುವ ಸಕಲೇಶಪುರ ಘಾಟಿಗಿಂತ ಈಗ ಇಲ್ಲದ ಸಕಲೇಶಪುರ ಘಾಟಿಯನ್ನು ಮಾಡುವುದು ಸುಲಭ, ಮತ್ತು ಸತ್ಯಕ್ಕೆ ಹತ್ತಿರ.

ನಮ್ಮದೊಂದೇ ಹೀಗೆ ಅಂತ ಬೇಜಾರು ಬೇಡ. ಬ್ರಿಟಿಷರ ಇಂಜಿನ್‌ಗಳು ಮೈಯಲ್ಲಿ ಸಣ್ಣವು, ಅಂದಿನ ಮೋಟಾರು 1:87ರ ಹೊಟ್ಟೆಯೊಳಗೆ ಹಿಡಿಯಲಿಲ್ಲ. ಅದಕ್ಕೆ ಅವರು ಮೈಯನ್ನು 1:76ಕ್ಕೆ ಹಿಗ್ಗಿಸಿ ಹಳಿಯನ್ನು ಮಾತ್ರ 16.5ರಲ್ಲೇ ಬಿಟ್ಟರು. ಡಬಲ್ ಓ ಅನ್ನುವುದು ಅದನ್ನೇ. ಜಪಾನಿನ ಸಾಮಾನ್ಯ ರೈಲುಗಳ ಹಳಿ 1067 ಮಿಲಿಮೀಟರ್, ಆದರೂ ಅವರ 1:150 ಮಾಡೆಲ್‌ಗಳು ಓಡುವುದು 9 ಮಿಲಿಮೀಟರ್ ಹಳಿಯ ಮೇಲೆ. ಬೇಕಾದ್ದಕ್ಕಿಂತ ಸುಮಾರು ಎರಡು ಮಿಲಿಮೀಟರ್ ಅಗಲ. ಎಲ್ಲರದ್ದೂ ಒಂದೊಂದು ಸುಳ್ಳು.

ಉದ್ದದ ಸುಳ್ಳು ಇನ್ನೂ ದೊಡ್ಡದು. ನಮ್ಮ ರೈಲುಗಳಿಗೆ ಈಗ ಹಾಕುವ ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಒಂದು ಕೊಂಡಿಯಿಂದ ಇನ್ನೊಂದು ಕೊಂಡಿಗೆ 24 ಮೀಟರ್, ಎಚ್‌ಒದಲ್ಲಿ 27, 28 ಸೆಂಟಿಮೀಟರ್. ಇಪ್ಪತ್ತು ಬೋಗಿ, ಒಂದು ಇಂಜಿನ್ ಜೋಡಿಸಿದರೆ ಐದು ಮುಕ್ಕಾಲು ಮೀಟರ್. ನಮ್ಮ ಚಾವಡಿಯಲ್ಲಿ ಇಂಜಿನ್ ಅಡಿಗೆ ಕೋಣೆಗೆ ಹೋದರೂ ಕೊನೆಯ ಬೋಗಿ ಜಗಲಿಯಲ್ಲೇ ಇರುತ್ತದೆ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು, ಕುಗ್ಗಿಸಿದರೂ 23 ಮೀಟರ್ ದಾಟುತ್ತದೆ. ತಿರುವಿನ ವಿಷಯವೂ ಹಾಗೆಯೇ. ನಮ್ಮ ಬ್ರಾಡ್‌ಗೇಜ್‌ನ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್, ಎಚ್‌ಒದಲ್ಲಿ ಎರಡು ಮೀಟರ್. ಮರದ ಅಂಗಡಿಯಿಂದ ತರುವ 8×4 ಅಡಿಯ ಪ್ಲೈವುಡ್ ಹಲಗೆಯಲ್ಲಿ ಹಿಡಿಯುವುದು ಹೆಚ್ಚೆಂದರೆ 55 ಸೆಂಟಿಮೀಟರ್‌ನ ತಿರುವು. ಅಷ್ಟು ಬಿಗಿ ತಿರುವಿನಲ್ಲಿ ಉದ್ದದ ಬೋಗಿಯ ಹೊಟ್ಟೆ ಒಳಗೆ, ಮೂಲೆ ಹೊರಗೆ ಚಾಚುತ್ತದೆ. ಪಕ್ಕದ ಹಳಿಯಲ್ಲಿ ಇನ್ನೊಂದು ರೈಲಿದ್ದರೆ ಡಿಕ್ಕಿ ಗ್ಯಾರಂಟಿ. ಅದಕ್ಕಾಗಿಯೇ ಅಂಗಡಿಯವರು ಬೋಗಿಯನ್ನು ಸ್ವಲ್ಪ ಗಿಡ್ಡ ಮಾಡಿಯೂ ಮಾರುತ್ತಾರೆ. ಕೊಳ್ಳುವಾಗ ಉದ್ದ ಅಳೆದೇ ಕೊಳ್ಳಬೇಕು. ಕಿಸೆಯಲ್ಲಿ ಒಂದು ಟೇಪು ಇರಲಿ.

ಸುಬ್ರಹ್ಮಣ್ಯ ರೋಡ್–ಸಕಲೇಶಪುರ ಘಾಟಿಯ ಏರು 50ಕ್ಕೆ 1. ಮಾಡೆಲ್‌ನಲ್ಲೂ ಅದೇ ಏರು ಸರಿಯಾದ ಮಿತಿ. ಒಂದು ಹಳಿಯ ಮೇಲಿಂದ ಇನ್ನೊಂದನ್ನು ದಾಟಿಸಲು ಎಂಟು ಸೆಂಟಿಮೀಟರ್ ಎತ್ತರ ಬೇಕು ಅಂದುಕೊಳ್ಳಿ, ಹತ್ತಲಿಕ್ಕೇ ನಾಲ್ಕು ಮೀಟರ್ ಹಳಿ ಬೇಕಾಯಿತು, ಇಳಿಯಲಿಕ್ಕೆ ಇನ್ನೊಂದು ನಾಲ್ಕು. ಘಾಟಿಯ 57 ಸುರಂಗಗಳಲ್ಲಿ ಎರಡನ್ನು ಮಾಡುವಷ್ಟರಲ್ಲಿ ಹಲಗೆ ಮುಗಿದಿರುತ್ತದೆ.

ಕರೆಂಟಿನ ಕತೆ, ಮತ್ತು ಆ ಬೋಗಿ

ಈಗ ಎಂಟು ಯೂರೊ ಬೋಗಿಗೆ ಬರುವ. ಮಾಡೆಲ್ ರೈಲಿನಲ್ಲಿ ಕರೆಂಟು ಇಂಜಿನ್‌ಗೆ ಹೋಗುವುದು ಹಳಿಯ ಮೂಲಕ. ಸಾಮಾನ್ಯ ಪದ್ಧತಿಯಲ್ಲಿ ಒಂದು ಹಳಿ ಪಾಸಿಟಿವ್, ಇನ್ನೊಂದು ನೆಗೆಟಿವ್, 12 ವೋಲ್ಟ್ ಡಿಸಿ. ಚಕ್ರಗಳು ಲೋಹದ್ದು, ಅಚ್ಚೂ ಲೋಹದ್ದು. ಹಾಗೆ ಬಿಟ್ಟರೆ ಎರಡೂ ಹಳಿ ಚಕ್ರದ ಮೂಲಕ ಸೇರಿ ಶಾರ್ಟ್ ಆಗುತ್ತದೆ. ಅದಕ್ಕೆ ಒಂದು ಬದಿಯ ಚಕ್ರಕ್ಕೂ ಅಚ್ಚಿಗೂ ನಡುವೆ ಸಣ್ಣ ಪ್ಲಾಸ್ಟಿಕ್ ಬುಷ್ ಹಾಕಿರುತ್ತಾರೆ.

ಇನ್ನೊಂದು ಪದ್ಧತಿ ಉಂಟು, ಜರ್ಮನಿಯಲ್ಲಿ ಬಹಳ ಜನಪ್ರಿಯ. ಅದರಲ್ಲಿ ಎರಡೂ ಹಳಿ ಒಂದೇ ಧ್ರುವ. ಇನ್ನೊಂದು ಧ್ರುವ ಹಳಿಗಳ ನಡುವೆ ಸ್ಲೀಪರುಗಳ ಮೇಲೆ ಕಂಡೂ ಕಾಣದ ಹಾಗೆ ಇಟ್ಟ ಸಣ್ಣ ಸಣ್ಣ ಲೋಹದ ಚುಕ್ಕಿಗಳಲ್ಲಿ. ಇಂಜಿನಿನ ಹೊಟ್ಟೆಯ ಅಡಿಯಲ್ಲಿ ಉದ್ದದ ಪಟ್ಟಿಯೊಂದು ಆ ಚುಕ್ಕಿಗಳನ್ನು ಉಜ್ಜಿಕೊಂಡು ಹೋಗುತ್ತದೆ. ಮೂರು ಹಳಿಯ ಎಸಿ ಪದ್ಧತಿ ಅಂದರೆ ಇದು. ಇಲ್ಲಿ ಎಡ ಚಕ್ರ, ಬಲ ಚಕ್ರ ಸೇರಿದರೂ ಏನೂ ಆಗುವುದಿಲ್ಲ. ಹಾಗಾಗಿ ಬುಷ್ಷಿನ ಗೊಡವೆಯೇ ಇಲ್ಲ, ಚಕ್ರ ಅಚ್ಚು ಎಲ್ಲ ಒಂದೇ ಲೋಹ. ಅಂಥ ಬೋಗಿಯನ್ನು ನಾನು ತಂದು ಎರಡು ಹಳಿಯ ಮೇಲೆ ಇಟ್ಟಿದ್ದೆ. ಎರಡು ಹಳಿಗೆ ಅಡ್ಡ ಒಂದು ಮೊಳೆ ಇಟ್ಟ ಹಾಗಾಯಿತು, ಕಂಟ್ರೋಲರ್ ತನ್ನನ್ನು ಕಾಪಾಡಿಕೊಳ್ಳಲು ಕರೆಂಟು ಕಡಿಯಿತು. ಮಾರಿದವರದ್ದು ತಪ್ಪೇನೂ ಇಲ್ಲ. ಅವರ ಮೇಜಿನ ಮೇಲೆ ಇದ್ದದ್ದೆಲ್ಲ ಎಸಿ ಸಾಮಾನೇ, ಪೆಟ್ಟಿಗೆಯ ಮೇಲೆ ಬರೆದೂ ಇತ್ತು. ನಾನು ನೋಡಿದ್ದು ಬೋಗಿಯ ಹಸಿರು ಬಣ್ಣ ಮಾತ್ರ.

ಪರಿಹಾರ ಸುಲಭ. ಬುಷ್ ಇರುವ ಚಕ್ರದ ಜೋಡಿಗಳು ಬಿಡಿಯಾಗಿ ಸಿಗುತ್ತವೆ, ಹಳೆಯದನ್ನು ಚಿಮ್ಮಿಸಿ ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತು. ಇಂಜಿನ್ ಆಗಿದ್ದರೆ ಅಷ್ಟು ಸುಲಭವಲ್ಲ. ಹಳೆ ಎಸಿ ಇಂಜಿನ್‌ಗಳು 16 ವೋಲ್ಟ್‌ನಲ್ಲಿ ಓಡುತ್ತವೆ, ದಿಕ್ಕು ಬದಲಿಸಲು ಕ್ಷಣಮಾತ್ರ 24 ವೋಲ್ಟ್‌ನ ಒಂದು ಪೆಟ್ಟು ಕೊಡಬೇಕು. ನಮ್ಮ ಡಿಸಿ ಕಂಟ್ರೋಲರ್‌ಗೂ ಅದಕ್ಕೂ ಆಗಿಬರುವುದಿಲ್ಲ.

ಮೂರನೆಯದು ಡಿಸಿಸಿ, ಅಂದರೆ ಡಿಜಿಟಲ್. ಜರ್ಮನಿಯ ಲೆನ್ಸ್ ಕಂಪನಿಯ ಪದ್ಧತಿಯನ್ನು ಆಧಾರ ಮಾಡಿಕೊಂಡು ಅಮೆರಿಕದ ಮಾಡೆಲ್ ರೈಲು ಹವ್ಯಾಸಿಗಳ ಸಂಘ ಎನ್‌ಎಂಆರ್‌ಎ 1990ರ ದಶಕದಲ್ಲಿ ಇದಕ್ಕೆ ಮಾನದಂಡ ಮಾಡಿತು. ಹಳೆಯ ಪದ್ಧತಿಯಲ್ಲಿ ಹಳಿಗೆ ಕರೆಂಟು ಹೆಚ್ಚಿಸಿದರೆ ಅದರ ಮೇಲಿರುವ ಎಲ್ಲ ಇಂಜಿನ್‌ಗಳೂ ಒಟ್ಟಿಗೆ ಓಡುತ್ತವೆ. ಡಿಸಿಸಿಯಲ್ಲಿ ಹಳಿಯಲ್ಲಿ ಕರೆಂಟು ಯಾವಾಗಲೂ ಪೂರ್ತಿ ಇರುತ್ತದೆ, ಜೊತೆಗೆ ಆಜ್ಞೆಗಳೂ ಹರಿಯುತ್ತಿರುತ್ತವೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು 'ಬಜ್ಪೆ, ಕಟೀಲ್, ಕಿನ್ನಿಗೋಳಿ' ಅಂತ ಕೂಗುವುದು ಎಲ್ಲರ ಕಿವಿಗೂ ಬೀಳುತ್ತದೆ, ಕಟೀಲಿಗೆ ಹೋಗುವವರು ಮಾತ್ರ ಎದ್ದು ಓಡುತ್ತಾರೆ. ಹಾಗೆ ಇಂಜಿನಿನೊಳಗಿನ ಡಿಕೋಡರ್ ಚಿಪ್ ತನ್ನ ನಂಬರಿಗೆ ಬಂದ ಮಾತನ್ನು ಮಾತ್ರ ಕೇಳುತ್ತದೆ. ಹೊಸ ಇಂಜಿನ್‌ಗಳಿಗೆಲ್ಲ ಕಾರ್ಖಾನೆಯಲ್ಲಿ ಕೊಡುವ ನಂಬರು 3. ಎರಡು ಇಂಜಿನ್ ತಂದು ನಂಬರು ಬದಲಿಸದೆ ಹಳಿಗೆ ಇಟ್ಟರೆ ಒಂದನ್ನು ಕರೆದಾಗ ಎರಡೂ ಓಡುತ್ತವೆ.

ಒಂದು ಎಚ್ಚರಿಕೆ. ಚಿಪ್ ಇಲ್ಲದ ಹಳೆ ಇಂಜಿನನ್ನು ಡಿಸಿಸಿ ಹಳಿಯ ಮೇಲೆ ನಿಲ್ಲಿಸಿ ಇಡಬೇಡಿ. ನಿಂತಲ್ಲೇ ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಕೆಲವು ಸೂಕ್ಷ್ಮ ಮೋಟಾರುಗಳು ಸುಟ್ಟೇ ಹೋಗುತ್ತವೆ.

ಮೇಜುಗಳ ಮುಂದೆ

ಸಂತೆಯಲ್ಲಿ ಮಾರುವವರು ಒಂದೇ ಜಾತಿಯವರಲ್ಲ. ಹೊಸ ಸಾಮಾನು ಮಾರುವ ಅಂಗಡಿಯವರು ಇರುತ್ತಾರೆ, ಅವರ ದರದಲ್ಲಿ ಹೆಚ್ಚು ಚೌಕಾಸಿ ನಡೆಯುವುದಿಲ್ಲ, ಆದರೆ ಬಿಲ್ಲು, ಗ್ಯಾರಂಟಿ ಉಂಟು. ಹಳೆಯದನ್ನು ಮಾರುವವರೇ ಹೆಚ್ಚು. ಅವರಲ್ಲಿ ಕೆಲವರು ಊರೂರು ಸಂತೆ ತಿರುಗುವ ವ್ಯಾಪಾರಿಗಳು, ಕೆಲವರು ಸ್ವಂತ ಸಂಗ್ರಹ ಖಾಲಿ ಮಾಡುತ್ತಿರುವ ಹವ್ಯಾಸಿಗಳು. ಕ್ಲಬ್ಬಿನ ಮೇಜೂ ಒಂದಿರುತ್ತದೆ. ತೀರಿಹೋದ ಸದಸ್ಯರ ಮನೆಯವರು 'ಇದನ್ನು ನಾವು ಏನು ಮಾಡುವುದು' ಅಂತ ಕೊಟ್ಟ ಪೆಟ್ಟಿಗೆಗಳು ಅಲ್ಲಿಗೆ ಬರುತ್ತವೆ. ಒಬ್ಬ ಮನುಷ್ಯ ನಲವತ್ತು ವರ್ಷ ಕೂಡಿಟ್ಟದ್ದು ಒಂದು ಬೆಳಿಗ್ಗೆಯಲ್ಲಿ ನಲವತ್ತು ಚೀಲಗಳಿಗೆ ಹಂಚಿಹೋಗುತ್ತದೆ. ಪೆಟ್ಟಿಗೆಯ ಒಳಗೆ ಕೆಲವೊಮ್ಮೆ ಅವರ ಕೈಬರಹದ ಚೀಟಿ ಇರುತ್ತದೆ, ಯಾವ ತಿಂಗಳು ಎಣ್ಣೆ ಹಾಕಿದ್ದು ಅಂತ. ಅಂಥ ಚೀಟಿ ಇದ್ದರೆ ಕಣ್ಣು ಮುಚ್ಚಿ ಕೊಳ್ಳಿ. ಎಣ್ಣೆ ಹಾಕಿದ ದಿನ ಬರೆದಿಡುವವರು ಇಂಜಿನ್ ಹಾಳು ಮಾಡುವವರಲ್ಲ.

ನನಗೆ ಅತಿ ಇಷ್ಟವಾದದ್ದು ಚಿಲ್ಲರೆ ಸಾಮಾನಿನ ಮೇಜು. ಹೊಲಿಗೆ ಸಾಮಾನಿನ ಡಬ್ಬಿಯ ಹಾಗೆ ನೂರಾರು ಸಣ್ಣ ಖಾನೆಗಳು. ಚಕ್ರ, ಕೊಂಡಿ, ಸ್ಪ್ರಿಂಗ್, ಕಿಟಕಿ ಗಾಜು, ಸಾಸಿವೆ ಕಾಳಿನಷ್ಟು ಬಲ್ಬು. ಹಿಂದೆ ಕೂತ ಅಜ್ಜ ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡಿದ್ದರು. ನಾನು ಒಂದು ಮುರಿದ ಕೊಂಡಿ ತೋರಿಸಿದೆ. ಮಾತಿಲ್ಲ ಕತೆಯಿಲ್ಲ, ಮೂರನೇ ಸಾಲಿನ ಏಳನೇ ಖಾನೆಗೆ ಕೈಹಾಕಿ ಅದರ ಜೋಡಿಯನ್ನು ತೆಗೆದು ಕೊಟ್ಟರು. ಕೊಂಡಿಯಲ್ಲೂ ಹಲವು ಜಾತಿ. ಯುರೋಪಿನದ್ದು ಕೊಕ್ಕೆ, ಅಮೆರಿಕದ್ದು ಮುಷ್ಟಿ ಹಿಡಿದ ಹಾಗಿನದ್ದು. ಯುರೋಪಿನ ಹೊಸ ಬೋಗಿಗಳಲ್ಲಿ ಎನ್‌ಇಎಂ 362 ಎಂಬ ಒಂದೇ ಅಳತೆಯ ಕಿಂಡಿ ಇರುವುದರಿಂದ ಯಾವ ಕೊಂಡಿ ಬೇಕಾದರೂ ಚುಚ್ಚಿ ಬದಲಿಸಬಹುದು. ಹಳೆಯದರಲ್ಲಿ ಅದಿಲ್ಲ.

ಬೆಲೆ ಚೀಟಿಯ ಭಾಷೆಯೂ ಕಲಿಯಬೇಕು. 'ಓ ಫೌ ಪೇ' ಅಂದರೆ ಮೂಲ ಪೆಟ್ಟಿಗೆ ಸಮೇತ. 'ಗೆಟೆಸ್ಟೆಟ್' ಅಂದರೆ ಓಡಿಸಿ ನೋಡಿದ್ದು. ಒಂದು ಚೆಂದದ ಕೆಂಪು ಇಂಜಿನ್ ತೀರಾ ಸಸ್ತಾ ಇತ್ತು.

"ಭಾವ, ಇದರ ಮೇಲೆ ಎಂತ ಬರೆದದ್ದು?"

"ಬಾಸ್ಟ್ಲರ್ ಅಂತ. ಕೈಕೆಲಸ ಗೊತ್ತಿದ್ದವರಿಗೆ."

"ಅಂದ್ರೆ ಒಳ್ಳೆಯದೇ ಅಲ್ವಾ?"

"ಹಾಳಾಗಿದೆ ಅಂತ ಮರ್ಯಾದೆಯಲ್ಲಿ ಹೇಳುವುದು ಮಾರಾಯ. ಅಲ್ಲೇ ಇಡು."

ಇಂಗ್ಲೆಂಡಿನಲ್ಲಿ ಇದಕ್ಕೆ 'ಸ್ಪೇರ್ಸ್ ಆರ್ ರಿಪೇರ್' ಅಂತ ಬರೆಯುತ್ತಾರೆ. ಪೆಟ್ಟಿಗೆಯ ಮೇಲೆ ಇನ್ನೊಂದು ಗುರುತು ಯುಗದ್ದು. ಯುರೋಪಿನ ರೈಲಿನ ಚರಿತ್ರೆಯನ್ನು ಅವರು ಒಂದರಿಂದ ಆರರವರೆಗೆ ಯುಗಗಳಾಗಿ ವಿಂಗಡಿಸಿ ರೋಮನ್ ಅಂಕಿಯಲ್ಲಿ ಮುದ್ರಿಸುತ್ತಾರೆ. ಮೂರು ಅಂದರೆ ಎರಡನೇ ಮಹಾಯುದ್ಧದ ನಂತರದ ಉಗಿ–ಡೀಸೆಲ್ ಬೆರೆತ ಕಾಲ, ಆರು ಅಂದರೆ ಈಗಿನದ್ದು. ನಮಗೂ ಇಂಥದ್ದೊಂದು ಬೇಕು ಅಂತ ನನ್ನ ಅಭಿಪ್ರಾಯ. ಕೊಂಕಣ ರೈಲ್ವೆ 2022ಕ್ಕೆ ಪೂರ್ತಿ ವಿದ್ಯುದೀಕರಣವಾಯಿತು. ಮೇಲೆ ತಂತಿ ಎಳೆದು ಕೆಳಗೆ ನೇತ್ರಾವತಿ ಎಕ್ಸ್‌ಪ್ರೆಸ್ಸನ್ನು ಡೀಸೆಲ್‌ನಲ್ಲಿ ಓಡಿಸಿದರೆ ಯಾವ ಕಾಲದ್ದು ಅಂತ ಬರೆಯುವುದು?

ಹಳೆ ಇಂಜಿನ್ ಕೊಳ್ಳುವುದು ಬಂದರಿನಲ್ಲಿ ಬಂಗುಡೆ ಕೊಂಡ ಹಾಗೆ. ಮೇಲಿನ ಹೊಳಪು ನೋಡುವುದಲ್ಲ, ಕಿವಿರು ಎತ್ತಿ ನೋಡುವುದು. ಮಗುಚಿ ಹಿಡಿಯಿರಿ. ಚಕ್ರದಲ್ಲಿ ಕಪ್ಪು ಮಡ್ಡಿ ಇದ್ದರೆ ಓಡಿದೆ ಅಂತ ಅರ್ಥ, ಅದು ಕೆಟ್ಟದ್ದಲ್ಲ, ಒರೆಸಿದರೆ ಹೋಗುತ್ತದೆ. ಚಕ್ರದ ಮೇಲಿನ ಲೇಪ ಸವೆದು ಹಿತ್ತಾಳೆ ಬಣ್ಣ ಕಂಡರೆ ಬಹಳ ಓಡಿದೆ. ಒಂದೆರಡು ಚಕ್ರಕ್ಕೆ ಕೂದಲಿಗೆ ಹಾಕುವ ರಬ್ಬರಿನಂಥ ಸಪೂರ ಉಂಗುರ ಇರುತ್ತದೆ, ಜಾರದ ಹಾಗೆ. ಅದು ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಬೇಕು, ಅದೇನೂ ದುಬಾರಿಯಲ್ಲ. ನಿಜವಾಗಿ ಹೆದರಬೇಕಾದದ್ದು ಸತುವಿನ ರೋಗಕ್ಕೆ. ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದ ಹಳೆ ಚೌಕಟ್ಟುಗಳಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಲೋಹ ಒಳಗಿಂದಲೇ ಬಿರಿಯುತ್ತದೆ, ಊದಿಕೊಳ್ಳುತ್ತದೆ, ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಮದ್ದಿಲ್ಲ. ಬೆಚ್ಚಗಿನ ತೇವದ ಹವೆಯಲ್ಲಿ ಅದು ಬೇಗ ಹಬ್ಬುತ್ತದೆ. ಬೆಚ್ಚಗಿನ ತೇವ ಅಂದರೆ ಯಾವ ಊರು ಅಂತ ಬೇರೆ ಹೇಳಬೇಕೆ! ಚೌಕಟ್ಟಿನಲ್ಲಿ ಕೂದಲೆಳೆ ಬಿರುಕು ಕಂಡರೂ ಕೆಳಗಿಡಿ.

ಆಮೇಲೆ ಓಡಿಸಿ ತೋರಿಸಲು ಹೇಳಿ. ಹೆಚ್ಚಿನ ಸಂತೆಗಳಲ್ಲಿ ಒಂದು ಮೂಲೆಯಲ್ಲಿ ಪರೀಕ್ಷೆಯ ಹಳಿ ಇರುತ್ತದೆ. ಅತಿ ನಿಧಾನಕ್ಕೆ ಓಡಿಸಿ ನೋಡಬೇಕು. ಜೋರಾಗಿ ಎಲ್ಲ ಇಂಜಿನ್ನೂ ಓಡುತ್ತದೆ. ಮೆಲ್ಲಗೆ ಹೋಗುವಾಗ ತಡವರಿಸಿದರೆ ಕೊಳೆ ಇದೆ, ಕಟಕಟ ಅಂದರೆ ಹಲ್ಲುಚಕ್ರ ಬಿರಿದಿದೆ. ತೋರಿಸಲು ಒಪ್ಪದ ವ್ಯಾಪಾರಿಗೆ ನಮಸ್ಕಾರ ಹೇಳಿ ಮುಂದೆ ಹೋಗಿ.

ಹೊತ್ತಿನ ಲೆಕ್ಕವೂ ಉಂಟು. ಒಳ್ಳೆಯ ಮಾಲು ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲೇ ಹೋಗುತ್ತದೆ. ನಿಜ ಹೇಳಬೇಕೆಂದರೆ ಬಾಗಿಲು ತೆರೆಯುವ ಮೊದಲೇ, ವ್ಯಾಪಾರಿಗಳು ತಮ್ಮೊಳಗೆ ಕೊಂಡುಕೊಳ್ಳುತ್ತಾರೆ. ಕಡಿಮೆ ಬೆಲೆ ಬೇಕಾದರೆ ಕೊನೆಯ ಗಂಟೆ. ಮೇಜಿನ ಬಾಡಿಗೆ ಹುಟ್ಟಿಸಿದ ಮೇಲೆ ಮಾರುವವರಿಗೆ ಇರುವ ಚಿಂತೆ ಒಂದೇ, ಇದನ್ನೆಲ್ಲ ಮತ್ತೆ ಕಾರಿಗೆ ಹೊರಬೇಕಲ್ಲ ಅಂತ. ಜಾತ್ರೆಯ ಕೊನೆಯ ರಾತ್ರಿ ಬಳೆ ಅಂಗಡಿಯವರ ಮುಖ ನೆನಪಿಸಿಕೊಳ್ಳಿ. ಆದರೆ ಒಂದು ಬೋಗಿಗೆ ಚೌಕಾಸಿ ಮಾಡುವುದು ಅಲ್ಲಿ ಅಷ್ಟು ಸಭ್ಯವಲ್ಲ. ನಾಲ್ಕು ಸಾಮಾನು ಒಟ್ಟಿಗೆ ಇಟ್ಟು 'ಎಲ್ಲದಕ್ಕೂ ಎಷ್ಟು' ಅಂತ ಕೇಳಿ, ಅವರೇ ಇಳಿಸುತ್ತಾರೆ.

ಊರಿಗೆ ತರುವಾಗ

ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿದ ಮೇಲೆ ಪಾರ್ಸೆಲ್‌ನಲ್ಲಿ ತರಿಸುವುದು ನನ್ನಂಥವರಿಗೆ ಹೇಳಿದ್ದಲ್ಲ. ಹೋಗಿಬರುವವರ ಸೂಟ್‌ಕೇಸೇ ಗತಿ, ಅದಕ್ಕೂ ಮೌಲ್ಯದ ಮಿತಿ ಉಂಟು, ಬಿಲ್ಲು ಇಟ್ಟುಕೊಳ್ಳಿ. ಬಣ್ಣ, ಥಿನ್ನರ್, ಸ್ಪ್ರೇ ಯಾವುದನ್ನೂ ವಿಮಾನದಲ್ಲಿ ತರಲು ಹೋಗಬೇಡಿ, ಬೆಂಕಿ ಹಿಡಿಯುವ ಸಾಮಾನಿಗೆ ಅಲ್ಲಿ ಜಾಗವಿಲ್ಲ. ಯುರೋಪಿನ ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟ್‌ಗೆ ಸರಿಹೋಗುತ್ತದೆ. ಅಮೆರಿಕದ್ದು 110–120 ವೋಲ್ಟ್‌ನದ್ದು, ನೇರ ಚುಚ್ಚಿದರೆ ಹೊಗೆ ಬರುತ್ತದೆ, ಉಗಿ ಇಂಜಿನಿನದ್ದಲ್ಲ. ಐವತ್ತು ಅರವತ್ತು ವರ್ಷ ಹಳೆಯ ಟ್ರಾನ್ಸ್‌ಫಾರ್ಮರ್ ಎಷ್ಟು ಚೆಂದ ಕಂಡರೂ ಬೇಡ, ವಯರಿನ ಹೊದಿಕೆ ಒಣಗಿ ಉದುರುತ್ತಿರುತ್ತದೆ. ಮಕ್ಕಳು ಮುಟ್ಟುವ ಸಾಮಾನು ಅದು.

ಇಲ್ಲಿಗೆ ತಂದ ಮೇಲೆ ವೈರಿ ಮಳೆಗಾಲ. ಹಿತ್ತಾಳೆ ಹಳಿ ಬೇಗ ಕಪ್ಪಾಗುತ್ತದೆ, ನಿಕಲ್ ಸಿಲ್ವರ್ ಹಳಿಯೇ ಕೊಳ್ಳಿ. ಹೆಸರಲ್ಲಿ ಬೆಳ್ಳಿ ಇದ್ದರೂ ಒಳಗಿರುವುದು ತಾಮ್ರ, ನಿಕಲ್, ಸತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿದರೆ ಸಾಕು. ಮರಳುಕಾಗದದಲ್ಲಿ ಉಜ್ಜಿದರೆ ಬಿದ್ದ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ. ಪೆಟ್ಟಿಗೆಯೊಳಗಿನ ಹಳೆ ಸ್ಪಂಜು ಅಂಟಂಟಾಗಿ ಬಣ್ಣಕ್ಕೆ ಹತ್ತಿಕೊಳ್ಳುತ್ತದೆ, ತೆಗೆದು ಬಿಸಾಡಿ ಟಿಶ್ಯೂ ಕಾಗದ ಸುತ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನ್ನ ರೈಲುಗಳು ರೇಷ್ಮೆ ಸೀರೆಗಳ ಕಪಾಟಿನಲ್ಲಿ ಇರುತ್ತವೆ. ಅಲ್ಲಿ ಅಮ್ಮ ಬೂಷ್ಟು ಹಿಡಿಯದಂತೆ ಝೀರೋ ಬಲ್ಬು ಉರಿಸುತ್ತಾರೆ.

ಜಾಗ ಇಲ್ಲ ಅನ್ನುವವರಿಗೆ ಜಪಾನಿನಲ್ಲಿ ಹುಟ್ಟಿದ ಟಿ-ಟ್ರ್ಯಾಕ್ ಪದ್ಧತಿ ಉಂಟು. ಎನ್ ಸ್ಕೇಲ್, ಒಂದೊಂದು ತುಂಡು 308 ಮಿಲಿಮೀಟರ್ ಅಗಲ, ಊಟದ ಮೇಜಿನ ಮೇಲೆ ಜೋಡಿಸಿ ಆಡಿ ಮತ್ತೆ ಕಪಾಟಿಗೆ ಸೇರಿಸಬಹುದು. ಒಬ್ಬೊಬ್ಬರು ಒಂದೊಂದು ತುಂಡು ಮಾಡಿ ತಂದು ಜೋಡಿಸಿದರೆ ಒಂದು ಊರೇ ಆಗುತ್ತದೆ. ಸಂತೆಗಳಲ್ಲಿ ಕಾಣುವ ದೊಡ್ಡ ಲೇಔಟ್‌ಗಳಲ್ಲಿ ಹಲವು ಹೀಗೆ ಹತ್ತಾರು ಮನೆಯಿಂದ ಬಂದ ತುಂಡುಗಳೇ. ಅಷ್ಟು ದೂರ ಹೋಗಲಾಗದವರು ಪುಣೆಯ ಕೋಥ್ರೂಡ್‌ನ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬರಬಹುದು, 1998ರಿಂದ ಜನರಿಗೆ ತೆರೆದಿದೆ.

ಅಕ್ಕ ಡಿಸೆಂಬರ್‌ನಲ್ಲಿ ಬಂದಾಗ ಬುಷ್ ಇರುವ ಚಕ್ರ ತಂದಳು, ಹಸಿರು ಬೋಗಿ ಈಗ ಓಡುತ್ತದೆ. ಜೊತೆಗೆ ಸಂತೆಯಿಂದ ಆರು ತೆರೆದ ವ್ಯಾಗನ್, ಆರು 1:87 ಲಾರಿಗಳೂ ಬಂದಿವೆ. ಸುರತ್ಕಲ್ಲಿನಲ್ಲಿ ರೈಲಿನ ಮೇಲೆ ಲಾರಿ ಹತ್ತಿಸುವ ರೋರೊ ಮಾಡುವ ಯೋಚನೆ. 8×4 ಹಲಗೆಗೆ ಸರಿಯಾಗಿ ಹಿಡಿಯುವ ದೃಶ್ಯ ಅದು. ಲಾರಿಗಳು ಜರ್ಮನಿಯವು, ಮೂತಿ ಚಪ್ಪಟೆ, ಮೈ ಬಿಳಿ. ಕಿತ್ತಳೆ ಬಣ್ಣ ಹೊಡೆದು, ಹಿಂದೆ ಟಾರ್ಪಾಲು ಕಟ್ಟಿದ್ದಾಗಿದೆ. ಎದುರಿನ ಗಾಜಿನ ಮೇಲೆ 'ಶ್ರೀ ದುರ್ಗಾಪರಮೇಶ್ವರಿ ಪ್ರಸನ್ನ' ಅಂತ ಬರೆಯದೆ ಅದು ನಮ್ಮೂರ ಲಾರಿ ಆಗುವುದಿಲ್ಲ. ಲೆಕ್ಕ ಹಾಕಿದೆ, ಅಕ್ಷರ ಎರಡು ಮಿಲಿಮೀಟರ್ ಎತ್ತರ ಬರಬೇಕು. ಅಷ್ಟು ಸಣ್ಣದಾಗಿ ಒತ್ತಕ್ಷರ ಬರೆಯಬಲ್ಲ ಪೈಂಟರ್ ಒಬ್ಬರನ್ನು ಹುಡುಕುತ್ತಿದ್ದೇನೆ.